ಬೋಗಿ ಎಂಬ ಮಾತೂ ಬೋಗಿಯ ಚರಿತ್ರೆಯೂ

ಕೆಲವು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ನಾವು ಹೊಟಗಿ ಜಂಕ್ಷನ್ನಿಗೆ ಕರೆದುಕೊಂಡು ಹೋಗಿದ್ದೆವು. ಪಕ್ಕದ ಹಳಿಯ ಮೇಲೆ ಖಾಲಿ ಗಾಡಿಯೊಂದು ನಿಂತಿತ್ತು. ಒಬ್ಬ ಹುಡುಗನು ಪ್ಲಾಟ್‌ಫಾರಮಿನ ಅಂಚಿನಲ್ಲಿ ಬಗ್ಗಿ, ಗಾಲಿಗಳ ಕಡೆಗೆ ನೋಡಿ, “ಸರ್, ಇಲ್ಲಿ ಇಂಗ್ಲೀಷಿನ್ಯಾಗ ಬೋಗಿ ಅಂತ ಬರದದ. ಬೋಗಿ ಅಂದ್ರ ಡಬ್ಬಿ ಅಲ್ಲೇನ್ರಿ? ಗಾಲಿ ಮ್ಯಾಲ ಯಾಕ ಬರದಾರ?” ಎಂದು ಕೇಳಿದನು. ಪ್ರಶ್ನೆಯು ಸಣ್ಣದೆಂದು ತೋರಿದರೂ ಆ ಕ್ಷಣದಲ್ಲಿ ನಮ್ಮಿಂದ ಸರಿಯಾದ ಉತ್ತರ ಬರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಇಂಥ ಪ್ರಸಂಗಗಳು ಬರುತ್ತವೆ, ಬರುವುದು ಒಳ್ಳೆಯದೇ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ಕನ್ನಡದಲ್ಲಿ ಬೋಗಿಯೆಂದರೆ ಜನರು ಕುಳಿತುಕೊಳ್ಳುವ ಇಡಿಯ ಡಬ್ಬಿ. ನಮ್ಮ ನೆರೆಯ ಮರಾಠಿ, ತೆಲುಗುಗಳಲ್ಲಿಯೂ, ದೂರದ ಹಿಂದಿಯಲ್ಲಿಯೂ ಅದೇ ಅರ್ಥವುಂಟು. ಆದರೆ ರೈಲ್ವೆ ಕಾರಖಾನೆಯವರು ಬೋಗಿಯೆನ್ನುವುದು ಡಬ್ಬಿಯ ಕೆಳಗಿನ ತಗ್ಗು ಚೌಕಟ್ಟನ್ನು. ಅದರಲ್ಲಿ ಎರಡು ಅಚ್ಚುಗಳು, ನಾಲ್ಕು ಗಾಲಿಗಳು, ಸ್ಪ್ರಿಂಗುಗಳು ಇರುತ್ತವೆ. ಒಂದು ಡಬ್ಬಿಗೆ ಹಿಂದೊಂದು ಮುಂದೊಂದು, ಹೀಗೆ ಎರಡು ಬೋಗಿಗಳು. ಈ ಮಾತು ಉತ್ತರ ಇಂಗ್ಲೆಂಡಿನ ಕಲ್ಲಿದ್ದಲ ಸೀಮೆಯ ಆಡುಮಾತು. ಅಲ್ಲಿ ಅದಕ್ಕೆ ಭಾರ ಸಾಗಿಸುವ ತಗ್ಗು ಗಾಡಿ ಎಂದರ್ಥ. ಅಮೆರಿಕದವರು ಇದೇ ವಸ್ತುವನ್ನು ಟ್ರಕ್ ಎಂದರು. ನಮ್ಮಲ್ಲಿ ಟ್ರಕ್ಕು ಲಾರಿಯಾಯಿತು! ಗಾಲಿಯ ಚೌಕಟ್ಟಿನ ಹೆಸರು ಮೇಲೇರಿ ಡಬ್ಬಿಯ ಹೆಸರಾದುದು ಹೇಗೆ? ಇದನ್ನು ತಿಳಿಯಬೇಕಾದರೆ ಡಬ್ಬಿಯು ಗಾಲಿಗಳ ಮೇಲೆ ಕುಳಿತ ಬಗೆಯನ್ನೇ ಮೊದಲು ತಿಳಿಯಬೇಕು. ಮಾತಿನ ಚರಿತ್ರೆಯು ವಸ್ತುವಿನ ಚರಿತ್ರೆಯನ್ನು ಬಿಟ್ಟು ನಡೆಯುವುದಿಲ್ಲ.

೧. ತೇರಿನ ತೊಡಕು

ನಮ್ಮ ಚಕ್ಕಡಿಗೆ ಒಂದೇ ಅಚ್ಚು, ಎರಡೇ ಗಾಲಿ. ಎತ್ತು ತಿರುಗಿದತ್ತ ಬಂಡಿಯೂ ತಿರುಗುತ್ತದೆ. ತೇರಿನ ಮಾತು ಬೇರೆ. ನೆಟ್ಟಗಿನ ಬೀದಿಯಲ್ಲಿ ಸಲೀಸಾಗಿ ಬಂದ ತೇರು ಮೂಲೆಗೆ ಬಂದೊಡನೆ ನಿಲ್ಲುತ್ತದೆ. ಗಾಲಿಗಳಿಗೆ ಮರದ ಅಡ್ಡೆ ಕೊಟ್ಟು, ಸನ್ನೆ ಹಾಕಿ ಮೀಟಿ, ಊರಿಗೆ ಊರೇ ಕೂಗಿ ಹಗ್ಗ ಜಗ್ಗಿದಾಗ ಅದು ಗೇಣುಗೇಣಾಗಿ ತಿರುಗುತ್ತದೆ. ಕಾರಣವೇನು? ತೇರಿನ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದಕ್ಕೊಂದು ಸಮಾಂತರವಾಗಿ ಬಿಗಿಯಲ್ಪಟ್ಟಿವೆ. ತಿರುವಿನಲ್ಲಿಯಾದರೋ ಪ್ರತಿಯೊಂದು ಅಚ್ಚೂ ವರ್ತುಲದ ಕೇಂದ್ರದತ್ತ ಮುಖಮಾಡಬೇಕು. ಸಮಾಂತರ ರೇಖೆಗಳು ಒಂದೇ ಬಿಂದುವಿನಲ್ಲಿ ಕೂಡಲಾರವೆಂಬುದನ್ನು ಭೂಮಿತಿಯ ಪಾಠದಲ್ಲಿ ನಾವೇ ಹೇಳಿಕೊಡುತ್ತೇವೆ.

ಮೊದಲ ರೈಲುಗಾಡಿಗಳೆಲ್ಲವೂ ಇಂಥ ಸಣ್ಣ ತೇರುಗಳೇ ಆಗಿದ್ದುವು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗ ಪ್ರಾರಂಭವಾದಾಗ ಅಲ್ಲಿಯ ಮೊದಲ ತರಗತಿಯ ಗಾಡಿಯು ಮೂರು ಕುದುರೆ ಕೋಚುಗಳನ್ನು ಒಂದಕ್ಕೊಂದು ಅಂಟಿಸಿ ನಾಲ್ಕು ಗಾಲಿಗಳ ಮೇಲೆ ಇಟ್ಟಂತೆ ಇತ್ತು; ಹದಿನೆಂಟು ಜನರಿಗೆ ಸ್ಥಳ. ಗಾಡಿಯನ್ನು ಉದ್ದಮಾಡಿ ಅಚ್ಚುಗಳನ್ನು ದೂರ ಸರಿಸಿದಷ್ಟೂ ತಿರುವಿನಲ್ಲಿ ಗಾಲಿಯ ಅಂಚು ಹೊರಗಿನ ಹಳಿಯನ್ನು ಉಜ್ಜುತ್ತದೆ, ಎರಡೂ ಸವೆಯುತ್ತವೆ. ಮಿತಿ ಮೀರಿದರೆ ಗಾಲಿಯು ಹಳಿಯನ್ನೇರಿ ಕೆಳಗಿಳಿಯುತ್ತದೆ. ಆದುದರಿಂದ ಗಾಡಿಗಳು ಗಿಡ್ಡವಾಗಿಯೇ ಉಳಿದುವು.

ಎರಡನೆಯ ತೊಡಕು ಭಾರದ್ದು. ಆ ಕಾಲದ ಎರಕದ ಕಬ್ಬಿಣದ ಹಳಿಗಳು ಬಹಳ ಪೆಡಸು. ಭಾರ ಹೆಚ್ಚಾದರೆ ತಟ್ಟನೆ ಮುರಿಯುತ್ತಿದ್ದುವು. ವೈಲಮ್ ಎಂಬಲ್ಲಿಯ ಗಣಿಯ ಉಗಿಯಂತ್ರಗಳಿಗೆ 1815ರ ಸುಮಾರಿಗೆ ನಾಲ್ಕರ ಬದಲು ಎಂಟು ಗಾಲಿಗಳನ್ನು ಹಾಕಿದರು. ಗಟ್ಟಿ ಹಳಿಗಳು ಬಂದ ಮೇಲೆ ಮತ್ತೆ ನಾಲ್ಕಕ್ಕೆ ಇಳಿಸಿದರು. ಎಂಟು ಗಾಲಿ ಬೇಕು, ಆದರೆ ಎಂಟೂ ಒಂದೇ ಚೌಕಟ್ಟಿಗೆ ಬಿಗಿದಿರಬಾರದು; ಸಮಸ್ಯೆಯ ಸ್ವರೂಪ ಇದು. ಇದಕ್ಕೆ ಪರಿಹಾರವನ್ನು ವಿಲಿಯಂ ಚಾಪ್‌ಮನ್ ಎಂಬ ಇಂಜಿನಿಯರನು 1812ರಲ್ಲಿಯೇ ಪೇಟೆಂಟು ಪತ್ರದಲ್ಲಿ ಬರೆದಿಟ್ಟಿದ್ದನು. ಗಾಲಿಗಳನ್ನು ಬೇರೆಯೇ ಒಂದು ಪುಟ್ಟ ಚೌಕಟ್ಟಿನಲ್ಲಿರಿಸಿ, ಅದು ಮೇಲಿನ ಒಡಲಿನ ಕೆಳಗೆ ತನ್ನಷ್ಟಕ್ಕೆ ತಿರುಗುವಂತೆ ಮಾಡಬೇಕೆಂಬುದು ಅವನ ಅಭಿಪ್ರಾಯ. ಇಂಗ್ಲೆಂಡು ಅದನ್ನು ಪ್ರಯಾಣಿಕರ ಗಾಡಿಗೆ ಬಹುಕಾಲ ಬಳಸಲಿಲ್ಲ. ಅಲ್ಲಿ ಹಣ ಸುರಿದು, ಗುಡ್ಡ ಕಡಿದು, ಹಳಿಗಳನ್ನು ಆದಷ್ಟು ನೇರವಾಗಿ ಹಾಕಿದ್ದರು. ನಿಲ್ದಾಣಗಳಲ್ಲಿ ಗಾಡಿ ತಿರುಗಿಸುವ ತಟ್ಟೆಗಳೂ ಗಿಡ್ಡ ಗಾಡಿಗಳ ಅಳತೆಗೇ ತಕ್ಕವಾಗಿದ್ದುವು.

೨. ಕಲ್ಲಿನ ಗಣಿಯಿಂದ ನ್ಯಾಯಾಲಯಕ್ಕೆ

ಅಮೆರಿಕದ ಪರಿಸ್ಥಿತಿ ಇದಕ್ಕೆ ವಿರುದ್ಧ. ದೇಶ ವಿಶಾಲ, ಬಂಡವಾಳ ಸ್ವಲ್ಪ. ಹಳಿಗಳು ಹೊಳೆಯ ದಂಡೆ ಹಿಡಿದು, ಗುಡ್ಡ ಬಳಸಿ ಹೋಗಬೇಕು. ಬಾಲ್ಟಿಮೋರ್–ಒಹಾಯೊ ಮಾರ್ಗದಲ್ಲಿ ಸುಮಾರು 400 ಅಡಿ ತ್ರಿಜ್ಯದ ಕಡಿದಾದ ತಿರುವುಗಳಿದ್ದುವು. ಅಲ್ಲಿ ತೇರು ನಡೆಯುವಂತಿರಲಿಲ್ಲ.

ಮಸಾಚುಸೆಟ್ಸ್ ಪ್ರಾಂತದ ಕ್ವಿನ್ಸಿಯಲ್ಲಿ 1826ರಲ್ಲಿ ಗ್ರಾನೈಟ್ ರೈಲ್ವೆಯೆಂಬ ಸಣ್ಣ ಮಾರ್ಗ ತೆರೆಯಿತು. ಬಂಕರ್ ಹಿಲ್ ಸ್ಮಾರಕಕ್ಕಾಗಿ ಗಣಿಯ ಕಲ್ಲನ್ನು ಸುಮಾರು ಮೂರು ಮೈಲು ದೂರದ ಹೊಳೆಯ ಕಟ್ಟೆಗೆ ಸಾಗಿಸುವುದು ಅದರ ಕೆಲಸ. ಎಳೆಯುತ್ತಿದ್ದುವು ಕುದುರೆಗಳು. ಅದನ್ನು ಕಟ್ಟಿಸಿದ ಗ್ರಿಡ್ಲಿ ಬ್ರಯಂಟನಿಗೆ ಮುಂದೆ ಉದ್ದನೆಯ ಭಾರೀ ಕಲ್ಲುಗಳನ್ನು ಸಾಗಿಸಬೇಕಾಗಿ ಬಂದಿತು. ಒಂದು ಗಾಡಿಯ ಮೇಲೆ ಅವು ಹಿಡಿಯಲಾರವು. ಎರಡು ನಾಲ್ಗಾಲಿ ಗಾಡಿಗಳನ್ನು ನಿಲ್ಲಿಸಿ, ಅವುಗಳ ಮೇಲೆ ಒಂದು ಉದ್ದ ಹಲಗೆಯ ವೇದಿಕೆಯನ್ನಿಟ್ಟು, ಪ್ರತಿ ಗಾಡಿಯ ನಟ್ಟನಡುವೆ ಒಂದೊಂದು ಕಬ್ಬಿಣದ ಗೂಟ ಹಾಕಿದನು. ವೇದಿಕೆ ನೆಟ್ಟಗೇ ಇದ್ದರೂ ಕೆಳಗಿನ ಎರಡು ಗಾಡಿಗಳು ತಿರುವಿಗೆ ತಕ್ಕಂತೆ ಬೇರೆಬೇರೆಯಾಗಿ ತಿರುಗಿದುವು. ಇಂದಿನ ಡಬ್ಬಿಯ ಮೂಲರೂಪವೇ ಇದು. ಅವನು ಇದಕ್ಕೆ ಪೇಟೆಂಟು ಪಡೆಯಲಿಲ್ಲ.

1832ರಲ್ಲಿ ಜಾನ್ ಬಿ. ಜರ್ವಿಸ್ ಎಂಬವನು ‘ಎಕ್ಸ್‌ಪೆರಿಮೆಂಟ್’ ಎಂಬ ಉಗಿಯಂತ್ರದ ಮುಂಭಾಗಕ್ಕೆ ತಿರುಗುವ ನಾಲ್ಗಾಲಿ ಚೌಕಟ್ಟನ್ನು ಅಳವಡಿಸಿದನು. ಅಷ್ಟರೊಳಗೆ ಬಾಲ್ಟಿಮೋರಿನಲ್ಲಿ ಎಂಟು ಗಾಲಿಗಳ ಪ್ರಯಾಣಿಕ ಗಾಡಿಯ ಪ್ರಯೋಗವೂ ನಡೆದಿತ್ತು. 1834ರ ಅಕ್ಟೋಬರ 1ರಂದು ರಾಸ್ ವಿನನ್ಸ್ ಎಂಬವನು ಎಂಟು ಗಾಲಿಯ ಗಾಡಿಗೆ ಪೇಟೆಂಟು ಪಡೆದನು. ಇವನು ಕುದುರೆ ಮಾರುವುದಕ್ಕೆಂದು ಬಾಲ್ಟಿಮೋರಿಗೆ ಬಂದು ಯಂತ್ರಗಳ ಕಡೆಗೆ ಒಲಿದವನು, ಬುದ್ಧಿವಂತನೆಂಬುದರಲ್ಲಿ ಸಂದೇಹವಿಲ್ಲ. ಪೇಟೆಂಟಿನ ಬಲದಿಂದ ಅವನು ಒಂದರ ಮೇಲೊಂದು ರೈಲ್ವೆ ಕಂಪನಿಗಳ ಮೇಲೆ ದಾವೆ ಹೂಡಿದನು. ಅಷ್ಟರಲ್ಲಿ ದೇಶದ ತುಂಬ ಎಂಟು ಗಾಲಿಯ ಗಾಡಿಗಳೇ ಓಡುತ್ತಿದ್ದುದರಿಂದ, ಅವನು ಗೆದ್ದರೆ ಎಲ್ಲ ಕಂಪನಿಗಳೂ ಕಪ್ಪ ಕೊಡಬೇಕಾಗುತ್ತಿತ್ತು. ವ್ಯಾಜ್ಯವು ಸುಮಾರು ಇಪ್ಪತ್ತು ವರ್ಷ ನಡೆಯಿತು. ಕಂಪನಿಗಳ ಪರವಾಗಿ ಕ್ವಿನ್ಸಿಯ ಕಲ್ಲಿನ ಗಾಡಿಯ ಸಾಕ್ಷ್ಯ ಬಂದಿತು. ಚಾಪ್‌ಮನ್ನನ ಹಳೆಯ ಪತ್ರವೂ ಬಂದಿತು. 1858ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವಿನನ್ಸನಿಗೆ ಪ್ರತಿಕೂಲವಾಗಿ ತೀರ್ಪು ಕೊಟ್ಟಿತು.

ಬ್ರಯಂಟನ ಗತಿಯೇನಾಯಿತು? ಕಂಪನಿಗಳು ಅವನಿಗೆ ಪ್ರತಿಫಲದ ಮಾತು ಕೊಟ್ಟಿದ್ದುವೆಂದೂ ಗೆದ್ದ ಮೇಲೆ ಕೊಡಲಿಲ್ಲವೆಂದೂ ಅವನ ಜೀವನಚರಿತ್ರೆಯನ್ನು ಬರೆದವರು ಹೇಳುತ್ತಾರೆ. 1867ರಲ್ಲಿ ಅವನು ಬಡತನದಲ್ಲಿ ತೀರಿಕೊಂಡನು.

ಇಲ್ಲಿ ಶಿಕ್ಷಕರಾದ ನಾವು ಕ್ಷಣಕಾಲ ನಿಲ್ಲಬೇಕು. “ಇದನ್ನು ಕಂಡುಹಿಡಿದವರು ಯಾರು?” ಎಂದು ಕೇಳಿ, ಒಂದು ಹೆಸರಿಗೆ ಒಂದು ಅಂಕ ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಬೋಗಿಗೆ ಯಾರ ಹೆಸರು ಬರೆಯಬೇಕು? ಬರೆದಿಟ್ಟವನು ಚಾಪ್‌ಮನ್, ಕಲ್ಲಿನ ಗರಜಿಗಾಗಿ ಮಾಡಿ ನೋಡಿದವನು ಬ್ರಯಂಟ್, ಯಂತ್ರಕ್ಕೆ ಜೋಡಿಸಿದವನು ಜರ್ವಿಸ್, ಪ್ರಯಾಣಿಕರ ಗಾಡಿಗೆ ತಂದು ತನ್ನದೆಂದು ಹೋರಾಡಿದವನು ವಿನನ್ಸ್. ಹೆಸರಿಲ್ಲದ ಬಡಿಗರೂ ಕಮ್ಮಾರರೂ ಎಷ್ಟೋ ಮಂದಿ. ಹುಡುಗರಿಗೆ ಒಂದು ಹೆಸರಿಗಿಂತ ಈ ಸರಪಳಿಯನ್ನು ಕಲಿಸಿದರೆ ಚರಿತ್ರೆಗೂ ವಿಜ್ಞಾನಕ್ಕೂ ನ್ಯಾಯ ಸಲ್ಲುವುದೆಂದು ನಮ್ಮ ನಂಬಿಕೆ.

೩. ಬೀಸುಕಲ್ಲು ಮತ್ತು ತೊಟ್ಟಿಲು

ಇನ್ನು, ಡಬ್ಬಿಯು ಬೋಗಿಯ ಮೇಲೆ ಕುಳಿತಿರುವ ಬಗೆಯನ್ನು ನೋಡೋಣ. ನಡುವಿನ ಗೂಟವೇ ಭಾರವನ್ನೆಲ್ಲ ಹೊರುತ್ತದೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ನಮ್ಮ ಮನೆಯ ಬೀಸುಕಲ್ಲನ್ನು ನೆನೆಸಿಕೊಳ್ಳಿರಿ. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಮೇಲೆ ಕುಳಿತಿದೆ. ನಡುವಿನ ಗೂಟವು ಮೇಲಿನ ಕಲ್ಲು ಅತ್ತಿತ್ತ ಸರಿಯದಂತೆ ತಡೆಯುತ್ತದೆ, ಅಷ್ಟೇ. ಅಮೆರಿಕದ ಪದ್ಧತಿಯ ಬೋಗಿಯೂ ಹೀಗೆಯೇ. ಬೋಗಿಯ ನಡುವೆ ಅಡ್ಡಲಾಗಿ ಒಂದು ದಪ್ಪ ತೊಲೆಯಿದೆ. ಕಾರಖಾನೆಯವರು ಅದನ್ನು ಬೋಲ್ಸ್ಟರ್ ಎನ್ನುತ್ತಾರೆ. ಅದರ ಮೇಲೆ ತಗ್ಗು ಬಟ್ಟಲಿನಂಥ ತಟ್ಟೆ. ಡಬ್ಬಿಯ ತಳದಲ್ಲಿ ಆ ಬಟ್ಟಲಿನೊಳಗೆ ಕೂಡುವ ಇನ್ನೊಂದು ತಟ್ಟೆ. ಎರಡರ ನಡುವೆ ತೂರಿದ ಗೂಟ. ಡಬ್ಬಿಯ ಭಾರವು ತಟ್ಟೆಯಿಂದ ಅಡ್ಡತೊಲೆಗೆ, ಅಲ್ಲಿಂದ ಸ್ಪ್ರಿಂಗುಗಳಿಗೆ, ಚೌಕಟ್ಟಿಗೆ, ಅಚ್ಚಿನ ಪೆಟ್ಟಿಗೆಗೆ, ಅಚ್ಚಿಗೆ, ಗಾಲಿಗೆ, ಕೊನೆಗೆ ಹಳಿಗೆ ಇಳಿಯುತ್ತದೆ. ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಡಬ್ಬಿಯನ್ನು ಎತ್ತಿ, ಕೆಳಗಿನಿಂದ ಬೋಗಿಯನ್ನು ಉರುಳಿಸಿಕೊಂಡು ಹೋಗುವುದನ್ನು ನಾವು ಕಂಡಿದ್ದೇವೆ. ಇಷ್ಟು ದೊಡ್ಡ ಒಡಲು ಹೆಚ್ಚಾಗಿ ತನ್ನ ಭಾರದಿಂದಲೇ ಕುಳಿತಿರುವುದನ್ನು ಕಂಡು ಬೆರಗಾಗಿದ್ದೇವೆ.

ಆದರೆ ನಡುವಿನ ಒಂದು ತಟ್ಟೆಯ ಮೇಲೆ ಕುಳಿತ ಒಡಲು ಪಕ್ಕಕ್ಕೆ ವಾಲುವುದಿಲ್ಲವೇ? ವಾಲುತ್ತದೆ. ಅದಕ್ಕಾಗಿ ಅಡ್ಡತೊಲೆಯ ಎರಡೂ ತುದಿಗಳಲ್ಲಿ ಪಕ್ಕದಾಸರೆಗಳನ್ನಿಟ್ಟರು. ಸೈಡ್ ಬೇರರ್ ಎಂದು ಕರೆಯುವುದು ಇವನ್ನೇ. ಸಾಧಾರಣವಾಗಿ ಇವುಗಳಿಗೂ ಡಬ್ಬಿಗೂ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ಡಬ್ಬಿ ವಾಲಿದಾಗ ಮಾತ್ರ ಆಸರೆ ದೊರೆಯುತ್ತಿತ್ತು. ಈ ಸಂದಿನಲ್ಲಿಯೇ ಎಲ್ಲ ಸೂಕ್ಷ್ಮವೂ ಅಡಗಿದೆ. ಸಂದು ಇಲ್ಲದೆ ಬಿಗಿಯಾದರೆ ಬೋಗಿಯು ತಿರುವಿನಲ್ಲಿ ತಿರುಗಲೊಲ್ಲದು. ಹೆಚ್ಚಾದರೆ ಡಬ್ಬಿ ತೂಗಾಡುವುದು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದುಂಟು. ರೈಲಿನ ಎರಡು ಗಾಲಿಗಳು ಅಚ್ಚಿಗೆ ಭದ್ರವಾಗಿ ಕೂಡಿಸಲ್ಪಟ್ಟು ಒಟ್ಟಿಗೇ ಉರುಳುತ್ತವೆ. ಗಾಲಿಯ ಮೈ ಸಮನಾಗಿರದೆ ಸುಮಾರು ಇಪ್ಪತ್ತಕ್ಕೆ ಒಂದರಷ್ಟು ಇಳಿಜಾರಾಗಿರುತ್ತದೆ. ಇದರಿಂದ ತಿರುವಿನಲ್ಲಿ ಹೊರಗಿನ ಗಾಲಿಯು ದೊಡ್ಡ ಸುತ್ತಳತೆಯ ಮೇಲೆಯೂ ಒಳಗಿನದು ಸಣ್ಣದರ ಮೇಲೆಯೂ ಉರುಳಿ, ಅಚ್ಚು ತಾನಾಗಿ ತಿರುವನ್ನು ಹಿಡಿಯುತ್ತದೆ. ಆದರೆ ಈ ಗುಣವೇ ನೇರವಾದ ಹಳಿಯಲ್ಲಿ ದೋಷವಾಗುತ್ತದೆ. ಅಚ್ಚು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾವಿನಂತೆ ಹರಿದಾಡುತ್ತದೆ. ವೇಗ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಈ ಹರಿದಾಟದ ಗಣಿತವನ್ನು ಜರ್ಮನಿಯ ಕ್ಲಿಂಗೆಲ್ ಎಂಬವನು 1883ರಲ್ಲಿ ಬರೆದನು. ತಿರುಗುವ ಬೋಗಿಗೆ ತಡೆಯೇ ಇಲ್ಲದಿದ್ದರೆ ಅದು ಅಂಕೆ ಮೀರಿ ಹರಿದಾಡುವುದು. ತಿರುವಿನಲ್ಲಿ ಶತ್ರುವೆನಿಸಿದ ಘರ್ಷಣೆಯೇ ನೇರವಾದ ಹಾದಿಯಲ್ಲಿ ಮಿತ್ರನಾಯಿತು. ಬಿಗಿದರೆ ತಿರುಗದು, ಬಿಟ್ಟರೆ ನಿಲ್ಲದು. ಬೋಗಿಯ ಚರಿತ್ರೆಯೆಲ್ಲ ಈ ಎರಡರ ನಡುವಿನ ಹದವನ್ನು ಹುಡುಕಿದ ಚರಿತ್ರೆಯೇ.

ಪ್ರಯಾಣಿಕರ ಸುಖಕ್ಕಾಗಿ 1840ರ ದಶಕದಿಂದ ಅಮೆರಿಕದವರು ಇನ್ನೊಂದು ಉಪಾಯ ಮಾಡಿದರು. ಅಡ್ಡತೊಲೆಯನ್ನು ಚೌಕಟ್ಟಿಗೆ ಬಿಗಿಯದೆ, ಕಬ್ಬಿಣದ ಕೊಂಡಿಗಳಿಂದ ತೊಟ್ಟಿಲಿನಂತೆ ತೂಗುಹಾಕಿದರು. ಗಾಲಿಗೆ ಪಕ್ಕದಿಂದ ಪೆಟ್ಟು ಬಿದ್ದರೆ ತೊಟ್ಟಿಲು ಓಲಾಡಿ ಅದನ್ನು ನುಂಗುತ್ತದೆ. ಮೇಲೆ ಮಲಗಿದವನಿಗೆ ಎಚ್ಚರವಾಗುವುದಿಲ್ಲ.

೪. ಮಾತು ಮೇಲೇರಿದ ಬಗೆ

ಇಂಗ್ಲೆಂಡಿನಲ್ಲಿ ಬೋಗಿಯ ಗಾಡಿಗಳು ತಡವಾಗಿ ಬಂದುವು. ವೇಲ್ಸಿನ ಫೆಸ್ಟಿನಿಯೊಗ್ ಎಂಬ ಕಿರುಗೇಜಿನ ಮಾರ್ಗವು 1872ರ ಹೊತ್ತಿಗೆ ಅವನ್ನು ತರಿಸಿತು. 1874ರಲ್ಲಿ ಮಿಡ್ಲೆಂಡ್ ರೈಲ್ವೆಯು ಅಮೆರಿಕದಿಂದ ಪುಲ್‌ಮನ್ ಗಾಡಿಗಳನ್ನು ತರಿಸಿದಾಗ ಅವುಗಳ ಮೆತ್ತನೆಯ ಓಟವನ್ನು ಜನರು ಕಂಡರು.

ನಮ್ಮ ದೇಶದಲ್ಲಿ 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೋದ ಮೊದಲ ಉಗಿಬಂಡಿಯಲ್ಲಿ ಹದಿನಾಲ್ಕು ಗಾಡಿಗಳಿದ್ದುವು. 1860ರಲ್ಲಿ ನಮ್ಮ ಸೊಲ್ಲಾಪುರಕ್ಕೆ ಹಳಿ ಬಂದಿತು. ಆ ಕಾಲದ ಗಾಡಿಗಳೆಲ್ಲ ಇಂಗ್ಲೆಂಡಿನ ಮಾದರಿಯವು, ಗಿಡ್ಡವಾದವು. ಮುಂದೆ ಉದ್ದನೆಯ ಗಾಡಿಗಳು ಬಂದಾಗ, ಹಳೆಯ ನಾಲ್ಗಾಲಿ ಗಾಡಿಯಿಂದ ಬೇರ್ಪಡಿಸಿ ಹೇಳಲು ರೈಲ್ವೆಯವರು ಅವನ್ನು ‘ಬೋಗಿ ಕ್ಯಾರೇಜ್’ ಎಂದರು. ಎಂದರೆ ಬೋಗಿಗಳುಳ್ಳ ಗಾಡಿ. ಜನರ ಬಾಯಿಯಲ್ಲಿ ಎರಡನೆಯ ಶಬ್ದ ಸವೆದು ಮೊದಲನೆಯದು ಉಳಿಯಿತು. ಬೋಗಿಯೆಂಬ ಮಾತು ಗಾಲಿಯನ್ನು ಬಿಟ್ಟು ಒಡಲನ್ನೇರಿದುದು ಹೀಗೆಂದು ನಾವು ತಿಳಿಯುತ್ತೇವೆ. ಇದು ಅಪಭ್ರಂಶವಲ್ಲ; ಹೊಸದಾಗಿ ಬಂದ ಗುಣವನ್ನೇ ಜನರು ಹೆಸರಾಗಿ ಹಿಡಿದ ಜಾಣತನ.

ಒಡಲೂ ಗಾಲಿಯೂ ಬೇರೆಬೇರೆಯಾದುದರಿಂದ ಅವನ್ನು ಬೇರೆಬೇರೆ ಕಡೆ ಮಾಡುವುದೂ ಸಾಧ್ಯವಾಯಿತು. 1930ರ ಜೂನ್ 1ರಂದು ಮುಂಬಯಿ–ಪುಣೆಗಳ ನಡುವೆ ಪ್ರಾರಂಭವಾದ ಡೆಕ್ಕನ್ ಕ್ವೀನ್ ಗಾಡಿಯ ಕೆಳಚೌಕಟ್ಟುಗಳು ಇಂಗ್ಲೆಂಡಿನಲ್ಲಿ ಆದುವು. ಮೇಲಿನ ಒಡಲುಗಳನ್ನು ಮಾಟುಂಗಾ ಕಾರಖಾನೆಯ ನಮ್ಮ ಜನರು ಕಟ್ಟಿದರು. ಮಾಲುಗಾಡಿಗಳಲ್ಲಿಯಾದರೋ ನಾಲ್ಗಾಲಿ ಗಾಡಿಯು ಬಹುಕಾಲ ಉಳಿಯಿತು. 1960ರ ದಶಕದಿಂದ ಬೋಗಿಯುಳ್ಳ ದೊಡ್ಡ ತೆರೆದ ಗಾಡಿಗಳು ಬಂದ ಮೇಲೂ ರೈಲ್ವೆಯ ಲೆಕ್ಕಪತ್ರಗಳಲ್ಲಿ ನಾಲ್ಗಾಲಿಯ ಗಾಡಿಯೇ ಎಣಿಕೆಯ ಮಾನವಾಗಿತ್ತು.

೫. ನಡುವಿನಿಂದ ಪಕ್ಕಕ್ಕೆ

1955ರ ಅಕ್ಟೋಬರ 2ರಂದು ಮದ್ರಾಸಿನ ಪೆರಂಬೂರಿನಲ್ಲಿ ಪ್ರಧಾನಿ ನೆಹರೂ ಅವರು ಗಾಡಿ ಕಟ್ಟುವ ದೊಡ್ಡ ಕಾರಖಾನೆಯನ್ನು ಉದ್ಘಾಟಿಸಿದರು. ಸ್ವಿಟ್ಜರ್ಲೆಂಡಿನ ಶ್ಲೀರೆನ್ ಎಂಬಲ್ಲಿಯ ಕಂಪನಿಯ ನೆರವಿನಿಂದ ಬಂದ ಈ ಮಾದರಿಯಲ್ಲಿ ಒಂದು ದೊಡ್ಡ ಮಾರ್ಪಾಡಿತ್ತು. ಇಲ್ಲಿ ಡಬ್ಬಿಯ ಭಾರವು ನಡುವಿನ ತಟ್ಟೆಯ ಮೇಲಿಲ್ಲ. ಪ್ರತಿ ಬೋಗಿಯ ಎರಡು ಪಕ್ಕದಾಸರೆಗಳೇ ಭಾರವನ್ನೆಲ್ಲ ಹೊರುತ್ತವೆ. ಅವು ಒಂದರಿಂದೊಂದು 1600 ಮಿಲಿಮೀಟರು ದೂರ. ಎಣ್ಣೆಯ ತೊಟ್ಟಿಯಲ್ಲಿ ಕಂಚಿನ ತುಂಡಿನ ಮೇಲೆ ಜಾರುತ್ತವೆ. ನಡುವಿನ ಗೂಟಕ್ಕೆ ಎಳೆತ ಮತ್ತು ಬ್ರೇಕಿನ ಬಲವನ್ನು ಸಾಗಿಸುವ ಕೆಲಸ ಮಾತ್ರ. ಮೊದಲು ಒಂದೇ ಕಡೆ ಕೂಡಿದ್ದ ಹೊರುವುದು, ಎಳೆಯುವುದು ಎಂಬ ಎರಡು ಕಾರ್ಯಗಳನ್ನು ಇಲ್ಲಿ ಹಂಚಿದರು. ಅಗಲವಾಗಿ ಕುಳಿತುದರಿಂದ ಡಬ್ಬಿಯ ವಾಲಾಟ ಕಡಿಮೆಯಾಯಿತು. ಆಸರೆಯ ಘರ್ಷಣೆಯು ಗೂಟದಿಂದ ದೂರವಿರುವುದರಿಂದ ಹರಿದಾಟವನ್ನೂ ಅಂಕೆಯಲ್ಲಿಟ್ಟಿತು.

ಗಣಿತದ ಶಿಕ್ಷಕರಿಗಾಗಿ ಒಂದು ಲೆಕ್ಕ. ಈ ಡಬ್ಬಿಯ ಒಡಲಿನ ಉದ್ದ 21.337 ಮೀಟರು, ಎರಡು ಬೋಗಿಗಳ ಕೇಂದ್ರಗಳ ಅಂತರ 14.783 ಮೀಟರು, ಒಂದು ಬೋಗಿಯ ಅಚ್ಚುಗಳ ಅಂತರ 2.896 ಮೀಟರು. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರು. ಜ್ಯಾದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ವರ್ತುಲದ ಕಮಾನು ಜ್ಯಾದಿಂದ ಎಷ್ಟು ಸರಿದಿದೆಯೆಂದು ತಿಳಿಯುತ್ತದೆ. ಡಬ್ಬಿಯ ನಡುಭಾಗವು ಹಳಿಯ ನಡುಗೆರೆಯಿಂದ ಸುಮಾರು 156 ಮಿಲಿಮೀಟರು ಒಳಕ್ಕೆ ಸರಿಯುತ್ತದೆ. ಬೋಗಿಯದಾದರೋ ಬರಿಯ 6 ಮಿಲಿಮೀಟರು. ಎಪ್ಪತ್ತು ಅಡಿಯ ಮನೆಯು ಹತ್ತಡಿಗಿಂತ ಗಿಡ್ಡವಾದ ಗಾಡಿಯಂತೆ ತಿರುಗುತ್ತದೆಂದಾಯಿತು!

ಕನ್ನಡ ನಾಡಿಗೂ ಈ ಉದ್ಯಮದಲ್ಲಿ ಪಾಲುಂಟು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಸ್ವಾತಂತ್ರ್ಯದ ಹೊಸ್ತಿಲಿನ ಕಾಲದಿಂದ ಉಕ್ಕಿನ ಡಬ್ಬಿಗಳನ್ನು ಕಟ್ಟಿತು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಆ ಕೆಲಸವನ್ನು ಮುಂದುವರಿಸಿತು. ಯಲಹಂಕದ ಕಾರಖಾನೆಯು 1984ರಿಂದ ಗಾಲಿ ಮತ್ತು ಅಚ್ಚುಗಳನ್ನು ಮಾಡುತ್ತಿದೆ.

ಪೆರಂಬೂರಿನ ಹಳೆಯ ಮಾದರಿಯ ತಯಾರಿಕೆ ಅಲ್ಲಿ 2018ರಲ್ಲಿ ನಿಂತಿತು. 2000ದಿಂದ ಬಂದ ಜರ್ಮನಿಯ ಮಾದರಿಯಲ್ಲಿ ಎಣ್ಣೆಯ ಪಕ್ಕದಾಸರೆಗಳಿಲ್ಲ. ಉದ್ದನೆಯ ಸುರುಳಿ ಸ್ಪ್ರಿಂಗುಗಳೇ ಎಲ್ಲ ಕಡೆಗೂ ಓಲಿ ಬೋಗಿಗೆ ತಿರುಗಲು ಎಡೆಕೊಡುತ್ತವೆ, ಹರಿದಾಟವನ್ನು ತಡೆಯಲು ಬೇರೆ ಕೊಳವೆಗಳಿವೆ. ಜಪಾನಿನವರು 1980ರ ದಶಕದಿಂದ ಅಡ್ಡತೊಲೆಯನ್ನೇ ತೆಗೆದುಹಾಕಿ, ಗಾಳಿ ತುಂಬಿದ ರಬ್ಬರಿನ ಚೀಲಗಳ ಮೇಲೆ ಒಡಲನ್ನು ಕುಳ್ಳಿರಿಸಿದರು. ಭಾರವು ನಡುವಿನಿಂದ ಪಕ್ಕಕ್ಕೆ, ಪಕ್ಕದಿಂದ ಸ್ಪ್ರಿಂಗಿಗೆ, ಸ್ಪ್ರಿಂಗಿನಿಂದ ಗಾಳಿಗೆ ಬಂದಿತು. ಆದರೂ ಕಲ್ಲಿದ್ದಲು ಹೊತ್ತ ಮಾಲುಗಾಡಿ ಬಂದಾಗ ಬಗ್ಗಿ ನೋಡಿರಿ. ಅಲ್ಲಿ ಇಂದಿಗೂ ನಡುವಿನ ತಟ್ಟೆಯೇ ಭಾರ ಹೊರುತ್ತದೆ. ಕ್ವಿನ್ಸಿಯ ಕಲ್ಲಿನ ಗಾಡಿಯ ವಂಶ ಇನ್ನೂ ಅಳಿದಿಲ್ಲ.

೬. ಗಡಿಯ ನಿಲ್ದಾಣ

ನಾವು ಚಿಕ್ಕವರಾಗಿದ್ದಾಗ ಹೊಟಗಿಯಲ್ಲಿ ಎರಡು ಅಳತೆಯ ಹಳಿಗಳಿದ್ದುವು. ಮುಂಬಯಿ–ಮದ್ರಾಸಿನದು 1676 ಮಿಲಿಮೀಟರಿನ ಬ್ರಾಡ್‌ಗೇಜು. ವಿಜಾಪುರ, ಗದಗಿನ ಕಡೆಗೆ ಹೋಗುವುದು ಮೀಟರ್‌ಗೇಜು. ಗಂಟುಮೂಟೆ ಹೊತ್ತು, ಕಂಕುಳಲ್ಲಿ ಕೂಸು ಎತ್ತಿಕೊಂಡು, ಜನರು ಒಂದು ಗಾಡಿಯಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಈಗ ಆ ಮಾರ್ಗವೂ ಬ್ರಾಡ್‌ಗೇಜು ಆಗಿದೆ. ಬೆಲಾರೂಸ್ ದೇಶದ ಗಡಿಯ ಬ್ರೆಸ್ಟ್ ನಗರದಲ್ಲಿಯೂ ಇದೇ ಬಗೆಯ ತೊಡಕು. ಅಲ್ಲಿ 1520 ಮತ್ತು 1435 ಮಿಲಿಮೀಟರಿನ ಹಳಿಗಳು ಕೂಡುತ್ತವೆ. ಅಲ್ಲಿಯವರು ಕಂಡುಕೊಂಡ ದಾರಿಯೇ ಬೇರೆ. ಪ್ರಯಾಣಿಕರು ಒಳಗೆ ಕುಳಿತಿರುವಂತೆಯೇ ಡಬ್ಬಿಯನ್ನು ಎತ್ತಿ, ಒಂದು ಅಳತೆಯ ಬೋಗಿಗಳನ್ನು ಹೊರಗೆ ಉರುಳಿಸಿ, ಇನ್ನೊಂದು ಅಳತೆಯವನ್ನು ಒಳಗೆ ತಂದು, ಡಬ್ಬಿಯನ್ನು ಇಳಿಸುತ್ತಿದ್ದರು. ಒಡಲು ಅದೇ, ಜನರು ಅವರೇ, ಬದಲಾದುವು ಗಾಲಿಗಳು. ಕಚೇರಿಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಮನೆಯಲ್ಲಿ ಕನ್ನಡ ಎಂದು ಬದುಕುವ ಗಡಿನಾಡಿನ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮಗೂ, ಗಾಲಿಯ ಮೇಲೆ ಬರೆದುದೂ ಸರಿ, ನೀನು ಅಂದುದೂ ಸರಿ. ಒಂದು ಕಾರಖಾನೆಯ ಮಾತು, ಇನ್ನೊಂದು ಜನರ ಮಾತು. ಎರಡರ ನಡುವಿನ ಹಾದಿಯಲ್ಲಿ ಇನ್ನೂರು ವರ್ಷಗಳ ದುಡಿಮೆಯಿದೆ. ನಮ್ಮ ಸಹೋದ್ಯೋಗಿಗಳು ತಮ್ಮ ಊರಿನ ಹತ್ತಿರದ ನಿಲ್ದಾಣಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ, ದೂರದಿಂದಲೇ, ಪ್ಲಾಟ್‌ಫಾರಮಿನ ಮೇಲೆಯೇ ನಿಂತು, ಡಬ್ಬಿಯನ್ನಲ್ಲ, ಡಬ್ಬಿಯ ಕೆಳಗೆ ನೋಡಲು ಹೇಳಲಿ. ಅವರು ಕೇಳುವ ಪ್ರಶ್ನೆಗಳಿಗೆ ತಕ್ಷಣ ಉತ್ತರ ಹೊಳೆಯದಿದ್ದರೆ ನಾಚಿಕೊಳ್ಳಬೇಕಾಗಿಲ್ಲ. ನಮಗೂ ಹೊಳೆದಿರಲಿಲ್ಲ.